ನಿಂಬೆ ಜಾತಿಯ ಸಸಿಗೆ ಏನಾಗಿದೆ? ಗಂಗಾವತಿಯ ಮಾಳಿಗೆಯಿಂದ ಒಂದು ದೋಷ ನಿವಾರಣೆ ಕೈಪಿಡಿ

ಹೋದ ವರ್ಷ ಮಾರ್ಚ್ ತಿಂಗಳು. ಗಂಗಾವತಿಯ ನಮ್ಮ ಮನೆ ಮಾಳಿಗೆಯ ಮೇಲೆ 22 ಸಸಿ ಇದ್ದವು. ಚಕ್ಕೋತ 9, ಕೊಡಗಿನ ಕಿತ್ತಳೆ 5, ಮಾದಲ 4, ಮತ್ತೆ ಗೆಳತಿಯೊಬ್ಬಳು ಕೊಟ್ಟ ಮೂರೆಲೆಯ ಸಿಟ್ರೇಂಜ್ ಎಂಬ ಬೆರಕೆ ಕಿತ್ತಳೆ 4. ಎಲ್ಲವೂ ಬೀಜದಿಂದ ಎಬ್ಬಿಸಿದವು. ಜನವರಿ ತನಕ ಕಡು ಹಸಿರಾಗಿದ್ದವು. ದೊಡ್ಡ ಕುಂಡಕ್ಕೆ ಬದಲಾಯಿಸಿ ಆರು ವಾರ ಆಗಿತ್ತೋ ಇಲ್ಲವೋ, ಚಿಗುರೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿತು. ಹೊಟ್ಟೆಗಿಲ್ಲದೆ ಹೀಗಾಗಿದೆ ಅಂದುಕೊಂಡು ಒಂದೊಂದು ಚಮಚ ಯೂರಿಯಾ ಹಾಕಿದೆ. ವಾರದೊಳಗೆ 6 ಸಸಿ ತುದಿಯಿಂದ ಸುಟ್ಟುಕೊಂಡು ಬಂದು ಸತ್ತವು.

ಪಕ್ಕದ ಮನೆಯ ಕಾಕಾ ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. ಮೇಲೆ ಬಂದು ಒಂದು ಕುಂಡದ ಮಣ್ಣನ್ನು ಅಂಗೈಯಲ್ಲಿ ಹಾಕಿಕೊಂಡು ತಿಕ್ಕಿ ನೋಡಿದರು.

"ಇದಕ್ಕ ಏನು ಕೂಡಿಸೀಯವಾ?"

"ಮಿಲ್ಲಿನ ಹೊಟ್ಟಿನ ಬೂದಿ, ಕಾಕಾ. ಮಣ್ಣು ಹಗುರ ಆಗ್ಲಿ ಅಂತ."

"ಎಷ್ಟು?"

"ಅರ್ಧಕ್ಕರ್ಧ."

"ಮತ್ತ ಬೂದ್ಯಾಗ ಗಿಡ ಹಚ್ಚಿ, ಎಲಿ ಯಾಕ ಹಳದಿ ಅಂತ ಕೇಳ್ತೀಯಲ್ಲ!"

ಗಂಗಾವತಿಯಲ್ಲಿ ಹೊಟ್ಟಿನ ಬೂದಿಗೆ ಬರವಿಲ್ಲ. ಕೇಳಿದರೆ ಚೀಲಗಟ್ಟಲೆ ಸುಮ್ನೆ ಕೊಡುತ್ತಾರೆ. ಒಂದು ಹಿಡಿ ಬೆರೆಸಿದರೆ ತೊಂದರೆ ಇಲ್ಲ. ಆದರೆ ಬೂದಿ ಕ್ಷಾರ. ನಿಂಬೆ ಜಾತಿಗೆ ಬೇಕಾದದ್ದು 6ರಿಂದ 7ರ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ). ನಮ್ಮ ಎರೆ (ಕಪ್ಪು) ಮಣ್ಣು ಮೊದಲೇ 8ರ ಆಚೀಚೆ ಇರುತ್ತದೆ. ಅದಕ್ಕೆ ಅರ್ಧ ಬೂದಿ, ಮೇಲಿಂದ ಬೋರ್ ನೀರು, ಆಮೇಲೆ ಯೂರಿಯಾ. ಸಸಿ ಬದುಕಿದ್ದರೆ ಅದೇ ಆಶ್ಚರ್ಯ.

ಆ ಮೇಲೆ ಕಲಿತದ್ದೆಲ್ಲ ಇಲ್ಲಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮನೆಯಲ್ಲಿ ಬೆಳೆಸುವ ನಿಂಬೆ ಜಾತಿಯ ಸಸಿಗಳಿಗೆ ಬರುವ ಕಷ್ಟ ಬಹುಪಾಲು ರೋಗವಲ್ಲ. ನೀರು, ಮಣ್ಣು, ಬಿಸಿಲು, ಈ ಮೂರರಲ್ಲಿ ಒಂದು. ಇನ್ನು ಕೆಲವು ದೋಷವೇ ಅಲ್ಲ, ನಾವು ಹಾಗೆ ಅಂದುಕೊಂಡಿರುತ್ತೇವೆ ಅಷ್ಟೆ. ಅದಕ್ಕೇ ಔಷಧಿ ಅಂಗಡಿಗೆ ಹೋಗುವ ಮುಂಚೆ ನೀರು ನೋಡಿ, ಮಣ್ಣು ನೋಡಿ, ಬೇರು ನೋಡಿ. ಎಲೆಯನ್ನು ಕೊನೆಗೆ ನೋಡಿ. ನಾವು ಎಲ್ಲರೂ ಮಾಡುವುದು ಇದರ ಉಲ್ಟಾ.

ಬೀಜ ಹುಟ್ಟಲೇ ಇಲ್ಲ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಬೀಜ ಒಣಗಿತ್ತಾ? ಜೋಳ, ತೊಗರಿ ಒಣಗಿಸಿ ಇಟ್ಟು ರೂಢಿಯಾದ ನಮಗೆ ಇದು ತಲೆಗೆ ಹೋಗುವುದೇ ಕಷ್ಟ. ನಿಂಬೆ ಜಾತಿಯ ಬೀಜ ಒಣಗಿದರೆ ಸಾಯುತ್ತದೆ. ಹಣ್ಣಿನಿಂದ ತೆಗೆದು, ತೊಳೆದು, ಲೋಳೆ ಹೋಗಿಸಿ, ಅದೇ ದಿನ ಹಾಕಬೇಕು. ಹಳೆಯ ನಿಂಬೆಹಣ್ಣು ಕೊಯ್ದಾಗ ಒಳಗೇ ಬಾಲ ಬಂದ ಬೀಜ ನೋಡಿರುತ್ತೀರಿ. ಅದಕ್ಕೆ ಕಾಯುವ ಬುದ್ಧಿ ಇಲ್ಲ, ಹಸಿ ಸಿಕ್ಕರೆ ಹುಟ್ಟುತ್ತದೆ.

ಆನ್‌ಲೈನಿನಲ್ಲಿ ಮಾರುವ ಬಣ್ಣದ ಪ್ಯಾಕೆಟಿನ 'ಬೋನ್ಸಾಯ್ ಹೈಬ್ರಿಡ್ ನಿಂಬೆ' ಬೀಜಗಳ ಕತೆಯೂ ಇದೇ. ನಾನೂ ಒಮ್ಮೆ ತರಿಸಿದ್ದೆ. ಇಪ್ಪತ್ತು ಬೀಜ, ಗಲಗಲ ಸದ್ದು ಮಾಡುತ್ತಿದ್ದವು. ಸಿಪ್ಪೆ ಸುಲಿದು ನೋಡಿದರೆ ಒಳಗಿನ ಬೇಳೆ ಕಂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು. ಒಂದೂ ಹುಟ್ಟಲಿಲ್ಲ. ಹಣ್ಣು ಕೊಂಡು ತಿನ್ನಿ, ಬೀಜ ನಿಮ್ಮದು. ಗಣೇಶನ ಹಬ್ಬಕ್ಕೆ ಫಲಾವಳಿಯಲ್ಲಿ ಕಟ್ಟಿದ ಮಾದಲ, ಚಕ್ಕೋತ ಇಳಿಸಿದ ಮೇಲೆ ಎಷ್ಟೋ ಮನೆಯಲ್ಲಿ ಸುಮ್ಮನೆ ಬಿಸಾಕುತ್ತಾರೆ. ಕೇಳಿ ತಂದುಕೊಳ್ಳಿ.

ಬೀಜ ಸತ್ತಿದೆಯೋ ಇಲ್ಲವೋ ತಿಳಿಯಲು ಒಂದನ್ನು ಸುಲಿಯಿರಿ. ಉಗುರಿನಿಂದ ದಪ್ಪ ಹೊಟ್ಟನ್ನು ತುದಿಯಿಂದ ಎತ್ತಿ ತೆಗೆದರೆ ಒಳಗೆ ತೆಳ್ಳನೆಯ ಕಂದು ಪೊರೆ, ಅದರ ಒಳಗೆ ಬೇಳೆ. ಬೇಳೆ ಗಟ್ಟಿಯಾಗಿ, ಹೊಳೆಯುತ್ತಿದ್ದರೆ ಜೀವ ಇದೆ. ಚಕ್ಕೋತ, ನಿಂಬೆ, ಮಾದಲದ ಬೇಳೆ ಬಿಳಿ ಇರುತ್ತದೆ. ಕಿತ್ತಳೆಯದು ಹಸಿರು. ಹಸಿರು ಕಂಡು ಬೂಸ್ಟು ಹಿಡಿದಿದೆ ಅಂತ ಎಸೆದವರಿದ್ದಾರೆ. ಅದು ಅದರ ಬಣ್ಣ.

ಬೀಜ ಚೆನ್ನಾಗಿದ್ದೂ ಹುಟ್ಟುತ್ತಿಲ್ಲ ಅಂದರೆ ಚಳಿ ಇರಬಹುದು. 25ರಿಂದ 30 ಡಿಗ್ರಿ ಇದ್ದರೆ ಎರಡು-ಮೂರು ವಾರದಲ್ಲಿ ಹುಟ್ಟುತ್ತವೆ. ಡಿಸೆಂಬರಿನ ರಾತ್ರಿಗಳಲ್ಲಿ ಮಾಳಿಗೆಯ ಮೇಲಿಟ್ಟರೆ ತಿಂಗಳಾದರೂ ಏಳುವುದಿಲ್ಲ. ಒದ್ದೆ ಮಾಡಿ ಹಿಂಡಿದ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನ ಮೇಲೆ ಇಡಿ. ಮೇಲೆ, ಒಳಗಲ್ಲ. ಹೊಟ್ಟು ಸುಲಿದು ಇಟ್ಟರೆ ಏಳರಿಂದ ಹತ್ತು ದಿನಕ್ಕೆ ಬಾಲ ಬರುತ್ತದೆ. ಈಗಲೇ ಹಾಕಲು ಆಗುವುದಿಲ್ಲ ಅಂದರೆ ಮಾತ್ರ ಫ್ರಿಜ್ಜಿನ ಒಳಗೆ, ಕೆಳಗಿನ ತರಕಾರಿ ಖಾನೆಯಲ್ಲಿ, ತುಸು ಹಸಿಯಾಗಿಯೇ ಇಡಬೇಕು. ಕೆಲವು ತಿಂಗಳು ತಡೆಯುತ್ತದೆ.

ಮಣ್ಣಿಗೆ ಇಡುವಾಗ ಚೂಪು ತುದಿ ಕೆಳಗೆ ಇರಲಿ, ಬೇರು ಬರುವುದು ಅಲ್ಲಿಂದ. ಗೊತ್ತಾಗದಿದ್ದರೆ ಅಡ್ಡ ಮಲಗಿಸಿ. ಒಂದು ಸೆಂಟಿಮೀಟರ್ ಆಳ ಸಾಕು. ತಲೆಕೆಳಗಾಗಿ ಇಟ್ಟರೂ ಹುಟ್ಟುತ್ತದೆ, ಆದರೆ ತಾಯಿಬೇರು ಗಾಳದ ಹಾಗೆ ಡೊಂಕಾಗುತ್ತದೆ. ಎರಡು ವರ್ಷ ಚೆನ್ನಾಗಿದ್ದ ಸಸಿ ಆಮೇಲೆ ಕಾರಣವೇ ಇಲ್ಲದೆ ನಿಂತುಬಿಡುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಅಗಲದ ಟ್ರೇಗಿಂತ ಉದ್ದನೆಯ ನರ್ಸರಿ ಚೀಲ ಒಳ್ಳೆಯದು.

ಹುಟ್ಟಿದ ಸಸಿ ಕುತ್ತಿಗೆ ಮುರಿದು ಬಿತ್ತು, ಅಥವಾ ಬೆಳ್ಳಗೆ ಹುಟ್ಟಿತು

ಬೆಳಿಗ್ಗೆ ನೆಟ್ಟಗಿದ್ದದ್ದು ಸಂಜೆಗೆ ಮಲಗಿರುತ್ತದೆ. ಮಣ್ಣಿಗೆ ತಾಗುವ ಜಾಗ ದಾರದ ಹಾಗೆ ಸಣ್ಣಗಾಗಿ, ಕಪ್ಪಾಗಿರುತ್ತದೆ. ಇದು ಬುಡ ಕೊಳೆ, ಮಣ್ಣಿನ ಶಿಲೀಂಧ್ರದ ಕೆಲಸ. ಬಿದ್ದದ್ದು ಏಳುವುದಿಲ್ಲ. ಉಳಿದವಕ್ಕೆ ನೀರು ನಿಲ್ಲಿಸಿ, ಗಾಳಿ ಆಡುವ ಕಡೆ ಇಡಿ, ಮೇಲೊಂದು ಪದರ ಒಣ ಉಸುಕು ಹರಡಿ. ಮುಂದಿನ ಸಲ ಹೊಲದ ಮಣ್ಣು ಬೇಡ. ತೊಳೆದ ಉಸುಕು ಮತ್ತು ಕೋಕೋಪೀಟ್ ಸಮಸಮ ಹಾಕಿ ಹುಟ್ಟಿಸಿ.

ಬೆಳ್ಳನೆಯ ಸಸಿ ನೋಡಲು ಚೆಂದ. ಮೇಣದ ಬತ್ತಿಯಂತೆ, ಎಲೆ ಕಾಂಡ ಎಲ್ಲ ಬಿಳಿ. ಅಪರೂಪದ ತಳಿ ಸಿಕ್ಕಿತು ಅಂತ ನಮ್ಮ ಮನೆಯಲ್ಲಿ ಸಂಭ್ರಮಪಟ್ಟಿದ್ದರು. ಬೀಜದ ಸಿಪ್ಪೆಯ ಮೇಲೆ ಬೆಳೆದ ಬೂಸ್ಟು ಬಿಡುವ ವಿಷದಿಂದ ಹಸಿರು ಕಟ್ಟದೆ ಹೀಗಾಗುವುದೇ ಹೆಚ್ಚು. ಬೇಳೆಯೊಳಗಿನ ಬುತ್ತಿ ಮುಗಿಯುವ ತನಕ ಇದ್ದು ಹೋಗುತ್ತದೆ. ಬೀಜದ ಲೋಳೆ ಪೂರ್ತಿ ತೊಳೆಯುವುದು, ಹೊಟ್ಟು ಸುಲಿಯುವುದು, ಇಲ್ಲವೇ 52 ಡಿಗ್ರಿ ನೀರಿನಲ್ಲಿ 10 ನಿಮಿಷ ಇಡುವುದು ಇದಕ್ಕೆ ದಾರಿ. ಥರ್ಮಾಮೀಟರ್ ಇಲ್ಲದೆ ಬಿಸಿನೀರಿನ ಸಾಹಸ ಬೇಡ. ಬೀಜ ಬೆಂದು ಹೋಗುತ್ತದೆ.

ಒಂದೇ ಬೀಜಕ್ಕೆ ಮೂರು ಸಸಿ. ಹೈಬ್ರಿಡ್ ಮಾಡಲು ಹೋದರೆ ತಾಯಿಯೇ ಮತ್ತೆ ಹುಟ್ಟಿತು

ಇದು ದೋಷವಲ್ಲ, ಈ ಜಾತಿಯ ಸ್ವಭಾವ. ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ.

ಕಿತ್ತಳೆ, ಮೋಸಂಬಿ, ನಾವು ದಿನಾ ಹಿಂಡುವ ನಿಂಬೆ, ಇವುಗಳ ಒಂದೊಂದು ಬೀಜದಲ್ಲಿ ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಮೊಳಕೆ ಇರುತ್ತವೆ. ಅವುಗಳಲ್ಲಿ ಒಂದು ಮಾತ್ರ ಅಪ್ಪ-ಅಮ್ಮ ಇಬ್ಬರೂ ಸೇರಿ ಹುಟ್ಟಿದ್ದು. ಉಳಿದವು ಪರಾಗದ ಹಂಗಿಲ್ಲದೆ ತಾಯಿಯ ಒಡಲಿನಿಂದಲೇ ಎದ್ದವು, ತಾಯಿಯ ಪಡಿಯಚ್ಚು. ಎಷ್ಟೋ ಸಲ ಈ ಪಡಿಯಚ್ಚುಗಳು ಜೋರಾಗಿ ಬೆಳೆದು ಆ ಒಂದನ್ನು ತುಳಿದುಬಿಡುತ್ತವೆ. ಕೊಡಗಿನಲ್ಲಿ ತಲೆತಲಾಂತರದಿಂದ ಕಿತ್ತಳೆಯನ್ನು ಬೀಜದಿಂದ ಬೆಳೆಸಿಯೂ ಹಣ್ಣು ಅದೇ ಹಣ್ಣಾಗಿ ಉಳಿದದ್ದು ಇದರಿಂದಲೇ.

ಹಾಗಾಗಿ ನೀವು ಕಿತ್ತಳೆ ಹೂವಿಗೆ ಚಕ್ಕೋತದ ಪರಾಗ ಹಚ್ಚಿ, ಬೀಜ ಹಾಕಿ, ಹುಟ್ಟಿದ್ದೆಲ್ಲ ಕಿತ್ತಳೆಯೇ ಆದರೆ ನಿಮ್ಮ ಕೈ ತಪ್ಪಿಲ್ಲ. ತಾಯಿಯ ಆಯ್ಕೆ ತಪ್ಪಿದೆ. ಚಕ್ಕೋತ ಮತ್ತು ಮಾದಲದ ಬೀಜದಲ್ಲಿ ಒಂದೇ ಮೊಳಕೆ, ಅದೂ ಪರಾಗದಿಂದ ಹುಟ್ಟಿದ್ದು. ಬೆರಕೆ ಬೇಕೆಂದರೆ ಚಕ್ಕೋತವನ್ನು ತಾಯಿ ಮಾಡಿ. ಅದು ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದು ಅಪರೂಪ. ಅಂದರೆ ದೇವನಹಳ್ಳಿಯ ಚಕ್ಕೋತ ತಿಂದು ನೀವು ಹಾಕಿದ ಬೀಜ ಈಗಾಗಲೇ ಯಾರದೋ ಜೊತೆ ಬೆರೆತದ್ದು. ತಂದೆ ಇನ್ನೊಂದು ಚಕ್ಕೋತವೋ ಪಕ್ಕದ ತೋಟದ ಮೋಸಂಬಿಯೋ, ಎಲೆ ಬರಲಿ ನೋಡೋಣ. ಮಾದಲ ಹಾಗಲ್ಲ. ಹೆಚ್ಚಾಗಿ ತನ್ನ ಪರಾಗಕ್ಕೇ ಕಟ್ಟಿಕೊಳ್ಳುತ್ತದೆ, ಬೀಜದಿಂದ ಬಹುಮಟ್ಟಿಗೆ ಮಾದಲವೇ ಬರುತ್ತದೆ.

ಈ ಬೆರಕೆ ನಾವು ಶುರು ಮಾಡಿದ್ದೂ ಅಲ್ಲ. ಚಕ್ಕೋತ, ಕಿತ್ತಳೆ, ಮಾದಲ ಈ ಕುಲದ ಹಳೆಯ ಹಿರಿಯರು. ಚಕ್ಕೋತಕ್ಕೂ ಕಿತ್ತಳೆಗೂ ಸಂಬಂಧ ಕೂಡಿ ಮೋಸಂಬಿಯಂಥ ಸಿಹಿ ಕಿತ್ತಳೆ ಬಂತು. ಮತ್ತೆ ಅದು ಚಕ್ಕೋತದ ಜೊತೆ ಕೂಡಿ ಗ್ರೇಪ್‌ಫ್ರೂಟ್ ಆಯಿತು. ಹುಳಿ ಕಿತ್ತಳೆಗೆ ಮಾದಲ ಸೇರಿ ಲೆಮನ್ ಆಯಿತು (ನಾವು ದಿನಾ ಹಿಂಡುವ ನಿಂಬೆ ಬೇರೆ). ನಮ್ಮೂರಿನ ಬೀಗತನಕ್ಕಿಂತ ಗೋಜಲು.

ಬೆರಕೆ ಆಗಿದೆಯೋ ಇಲ್ಲವೋ ನೋಡಲು ಐದಾರು ಎಲೆ ಬರುವ ತನಕ ತಾಳಿ. ಆಮೇಲೆ ಎಲೆಯ ತೊಟ್ಟು ನೋಡಿ. ಚಕ್ಕೋತದ ತೊಟ್ಟಿಗೆ ಅಗಲವಾದ ರೆಕ್ಕೆ ಇರುತ್ತದೆ, ದೊಡ್ಡ ಎಲೆಯ ಕೆಳಗೆ ಇನ್ನೊಂದು ಪುಟ್ಟ ಎಲೆ ಅಂಟಿಸಿದ ಹಾಗೆ. ಕಿತ್ತಳೆಯದು ಗೆರೆಯಷ್ಟೇ. ಮಾದಲಕ್ಕೆ ರೆಕ್ಕೆಯೂ ಇಲ್ಲ, ಎಲೆ-ತೊಟ್ಟು ಕೂಡುವ ಗಂಟೂ ಕಾಣುವುದಿಲ್ಲ. ಎಲೆ ಜಜ್ಜಿ ಮೂಸಿ. ತಾಯಿಯ ವಾಸನೆಗಿಂತ ಬೇರೆ ಬಂದರೆ ಆ ಸಸಿಗೆ ಗುರುತು ಕಟ್ಟಿ. ಒಂದು ಬೀಜದಿಂದ ಮೂರು ಎದ್ದಾಗ ಜನ ದಪ್ಪನೆಯದನ್ನು ಉಳಿಸಿ ಸೊರಗಿದ್ದನ್ನು ಕೀಳುತ್ತಾರೆ. ನಿಮಗೆ ಹೊಸತು ಬೇಕಿದ್ದರೆ ಸೊರಗಿದ್ದೇ ಅದಾಗಿರಬಹುದು. ಕೀಳಬೇಡಿ, ಬೇರೆ ಮಾಡಿ ನೆಡಿ.

ತಂದೆ, ಒಂದೇ ತೊಟ್ಟಿಗೆ ಮೂರು ಎಲೆ ಬಿಡುವ ಮೂರೆಲೆ ಕಿತ್ತಳೆಯಾಗಿದ್ದರೆ ಕೆಲಸ ಇನ್ನೂ ಸಲೀಸು, ಮರಿಗೂ ಮೂರೆಲೆ ಬರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 1894-95ರ ಚಳಿಗೆ ಕಿತ್ತಳೆ ತೋಟಗಳು ಸತ್ತವು. ಚಳಿ ತಡೆಯುವ ಹಣ್ಣು ಬೇಕು ಅಂತ ಅಲ್ಲಿನ ಕೃಷಿ ಇಲಾಖೆಯವರು ಸಿಹಿ ಕಿತ್ತಳೆಗೆ ಮೂರೆಲೆ ಕಿತ್ತಳೆ ಬೆರೆಸಿದರು. ಹೀಗೆ ಹುಟ್ಟಿದ್ದೇ ಸಿಟ್ರೇಂಜ್. ಹಣ್ಣು ಬಾಯಿಗೆ ಇಡಲಾರದಷ್ಟು ಕಹಿ. ಆದರೆ 1909ರಲ್ಲಿ ಮಾಡಿದ ಬೆರಕೆಯಿಂದ ಬಂದ ಟ್ರಾಯರ್, ಕ್ಯಾರಿಜೋ ಎಂಬವು ಕಸಿ ಕಟ್ಟುವ ಬೇರುಗಿಡವಾಗಿ ದೇಶ ದೇಶಕ್ಕೆ ಹೋದವು. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದಿನ ಭಾಗದಲ್ಲಿ ಇದೇ ಗಿಡ ನನಗೆ ಪಾಠ ಕಲಿಸಿದೆ.

ಎಲೆ ಹಳದಿ

ಇಲ್ಲಿ ಅವಸರ ಬೇಡ. ಹಳದಿ ಎಂಬುದು ಒಂದೇ ಕಾಯಿಲೆಯಲ್ಲ. ಯಾವ ಎಲೆ ಹಳದಿಯಾಗಿದೆ ಎಂಬುದು ಮೊದಲ ಪ್ರಶ್ನೆ.

ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಮಂಕಾಗಿ ಹಳದಿಯಾಗುತ್ತಿದ್ದರೆ ಅದು ಸಾರಜನಕದ ಕೊರತೆ, ಗೊಬ್ಬರ ಕೇಳುತ್ತಿದೆ. ಹಳೆಯ ಎಲೆಯಲ್ಲೇ ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದು ಸುತ್ತಲೂ ಹಳದಿಯಾಗಿದ್ದರೆ ಮೆಗ್ನೀಷಿಯಂ. ಇವೆರಡೂ ನಮ್ಮ ಕಡೆ ಕಡಿಮೆ.

ನಮ್ಮ ಕಡೆ ಜಾಸ್ತಿ ಕಾಣುವುದು ಚಿಗುರಿನ ಹಳದಿ. ಹೊಸ ಎಲೆಯನ್ನು ಬೆಳಕಿಗೆ ಹಿಡಿಯಿರಿ. ನರಗಳು ಮಾತ್ರ ಹಸಿರು ಬಲೆಯಂತೆ ಕಂಡು, ನಡುವಿನದೆಲ್ಲ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ. ಎಲೆ ಸಣ್ಣಗೆ, ಕಿರಿದಾಗಿ, ನೆಟ್ಟಗೆ ಗೊಂಚಲಾಗಿ ನಿಂತು, ನರಗಳ ನಡುವೆ ತೇಪೆ ತೇಪೆ ಹಳದಿ ಇದ್ದರೆ ಸತುವು. ಎರಡೂ ಒಟ್ಟಿಗೆ ಬರುವುದೇ ಹೆಚ್ಚು.

ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದು ಇದರರ್ಥವಲ್ಲ. ಇದೆ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದಿಲ್ಲ, ಅಷ್ಟೆ. ಮಣ್ಣಿನಲ್ಲಿ ಸುಣ್ಣ ಇದೆಯಾ ಎಂದು ನೋಡಲು ಲ್ಯಾಬ್ ಬೇಡ, ಒಂದು ಹೋಳು ನಿಂಬೆಹಣ್ಣು ಸಾಕು. ಒಣ ಎರೆ ಮಣ್ಣು ಒಂದು ಚಮಚ ತಟ್ಟೆಗೆ ಹಾಕಿ. ಅದರಲ್ಲಿ ಬಿಳಿ ಹರಳು ಕಂಡರೆ ಒಂದನ್ನು ಪುಡಿ ಮಾಡಿ ಬೆರೆಸಿ. ಮೇಲೆ ನಿಂಬೆರಸ ಹಿಂಡಿ, ಕಿವಿ ಹತ್ತಿರ ತನ್ನಿ. ಚುರ್ ಎಂದು ಸಣ್ಣಗೆ ಸದ್ದು ಬಂದು ಗುಳ್ಳೆ ಎದ್ದರೆ ಸುಣ್ಣ ಇದೆ. ನಮ್ಮ ಹಿತ್ತಲಿನ ಎರೆ ಮಣ್ಣು ಸೋಡಾ ಬಾಟಲಿಯ ಹಾಗೆ ನೊರೆ ಬಿಟ್ಟಿತು. ಕೊಪ್ಪಳದ ಕಡೆಯಿಂದ ತಂದ ಮಸಾರಿ (ಕೆಂಪು) ಮಣ್ಣು ತೆಪ್ಪಗಿತ್ತು. ಆವತ್ತಿಗೇ ಎರೆ ಮಣ್ಣನ್ನು ಕುಂಡಕ್ಕೆ ಹಾಕುವುದು ಬಿಟ್ಟೆ.

ಎರಡನೆಯ ಅಪರಾಧಿ ನೀರು. ನೀರಿನಲ್ಲಿ ಕರಗಿದ ಉಪ್ಪು-ಲವಣ ಅಳೆಯಲು ಟಿಡಿಎಸ್ ಮೀಟರ್ ಅಂತ ಪೆನ್ನಿನಷ್ಟು ದೊಡ್ಡದು ಸಿಗುತ್ತದೆ, ದುಬಾರಿಯಲ್ಲ. ನಮ್ಮ ಬೋರ್ ನೀರಿನಲ್ಲಿ ಅದ್ದಿದರೆ 1,180 ತೋರಿಸಿತು. ಕಾಲುವೆ ನೀರು 200ರ ಆಸುಪಾಸು. ಹಿಡಿದಿಟ್ಟ ಮಳೆ ನೀರು 20. ನಿಂಬೆ ಜಾತಿ ಉಪ್ಪು ತಡೆಯದ ಗಿಡ. 600 ದಾಟಿದರೆ ನಾನು ಆ ನೀರನ್ನು ಸಸಿಗೆ ಹಾಕುವುದಿಲ್ಲ. ಕೊಡದ ಒಳಗೆ ಬಿಳಿ ಪದರ ಕಟ್ಟುವ ನೀರಾದರೆ ಅದರಲ್ಲಿ ಸುಣ್ಣದ ಅಂಶವೂ ಇದೆ. ದಿನಾ ಎರೆದಷ್ಟೂ ಕುಂಡದ ಪಿಎಚ್ ಮೇಲೇರುತ್ತ ಹೋಗುತ್ತದೆ. ಒಳ್ಳೆಯ ಮಣ್ಣಿನಲ್ಲಿ ನೆಟ್ಟ ಸಸಿ ಆರು ತಿಂಗಳಾದ ಮೇಲೆ ಹಳದಿಯಾಗುವುದು ಹೀಗೆ.

ಈಗ ಪರಿಹಾರ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ತಂದು ಮಣ್ಣಿಗೆ ಸುರಿಯಬೇಡಿ. ಸುಣ್ಣದ ಮಣ್ಣಿನಲ್ಲಿ ಅದು ಎರಡೇ ದಿನಕ್ಕೆ ತುಕ್ಕಾಗಿ ಕೂರುತ್ತದೆ. ಎಲೆಗೆ ಸಿಂಪಡಿಸಿದರೆ ಕೆಲಸ ಮಾಡುತ್ತದೆ. ಒಂದು ಲೀಟರಿಗೆ 3 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ, ಸಂಜೆ ಬಿಸಿಲು ಇಳಿದ ಮೇಲೆ. ಹನಿ ತಾಗಿದ ಹಳದಿ ಎಲೆಯಲ್ಲಿ ಚುಕ್ಕೆ ಚುಕ್ಕೆ ಹಸಿರು ಬರುತ್ತದೆ, ಆಮೇಲೆ ಬರುವ ಹೊಸ ಎಲೆಗೆ ಮತ್ತೆ ಸಿಂಪಡಿಸಬೇಕು. ಮಣ್ಣಿಗೇ ಕೊಡಬೇಕೆಂದರೆ ಚಿಲೇಟ್ ಕಬ್ಬಿಣ (ಮಣ್ಣಿನಲ್ಲಿ ತುಕ್ಕಾಗದಂತೆ ಬೇರೆ ವಸ್ತುವಿನ ಜೊತೆ ಕಟ್ಟಿದ್ದು) ಕೊಳ್ಳಿ, ಆದರೆ ಪ್ಯಾಕೆಟ್ ಓದಿ. ಇಡಿಟಿಎ ಎಂದಿದ್ದರೆ ನಮ್ಮ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಇಡಿಡಿಎಚ್‌ಎ ಎಂದಿರಬೇಕು, ನೀರಿಗೆ ಹಾಕಿದರೆ ಕೆಂಪಾಗುತ್ತದೆ. ಎರಡಕ್ಕೂ ಒಂದೇ ರೇಟು ಹೇಳುವ ಅಂಗಡಿಯವರ ಮಾತು ನಂಬಬೇಡಿ. ಸತುವಿಗೆ ಬೆಂಗಳೂರು ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ನವರ ಸಿಟ್ರಸ್ ಸ್ಪೆಷಲ್ ಪುಡಿ ಚೆನ್ನಾಗಿದೆ, ಎಲೆಗೆ ಸಿಂಪಡಿಸುವಂಥದ್ದು.

ಬೋರ್ ನೀರೇ ಗತಿ ಅನ್ನುವವರು 10 ಲೀಟರಿಗೆ ಅರ್ಧ ಟೀ ಚಮಚ ಸಿಟ್ರಿಕ್ ಆಸಿಡ್ ಬೆರೆಸಿ. ಕಿರಾಣಿ ಅಂಗಡಿಯಲ್ಲಿ ಲಿಂಬೆ ಉಪ್ಪು ಎಂದರೆ ಕೊಡುತ್ತಾರೆ. ಇದು ಸುಣ್ಣದ ಅಂಶವನ್ನು ತಗ್ಗಿಸುತ್ತದೆ, ಉಪ್ಪನ್ನಲ್ಲ. ಸವಳು ನೀರಿಗೆ ಮಳೆ ನೀರು ಬೆರೆಸುವುದೇ ದಾರಿ. ಮಣ್ಣು, ನೀರು ಎರಡನ್ನೂ ಸರಿಯಾಗಿ ಪರೀಕ್ಷೆ ಮಾಡಿಸಬೇಕೆಂದರೆ ನಮ್ಮ ಗಂಗಾವತಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಸವಳು ಮಣ್ಣು, ಸವಳು ನೀರಿನ ಮೇಲೆ ಸಂಶೋಧನೆ ನಡೆಯುವ ಕೇಂದ್ರವೂ ಈ ಊರಿನಲ್ಲೇ ಇದೆ. ಸುಮ್ನೆ ಇಟ್ಟಿದ್ದಾರಾ ಅದನ್ನ?

ಇನ್ನು ಸಿಟ್ರೇಂಜಿನ ಪಾಠ. ನನ್ನ 22ರಲ್ಲಿ ಮೊದಲು ಹಳದಿಯಾದದ್ದು ಆ ನಾಲ್ಕು. ಅಂಚಿನ ತನಕ ಬೆಳ್ಳಗಾದವು. ಮೂರೆಲೆ ಕಿತ್ತಳೆಯೂ ಅದರ ಮಕ್ಕಳೂ ಸುಣ್ಣದ ಮಣ್ಣಿಗೆ ಆಗಿಬರುವುದಿಲ್ಲ. ಯಾವುದೋ ತಂಪು ದೇಶದವರು ಹೊಗಳಿದ್ದನ್ನು ಕೇಳಿ ಅಪರೂಪದ ಬೀಜ ತರಿಸುವ ಮುಂಚೆ ಇದನ್ನು ಯೋಚಿಸಿ. ಎರಡು ಸತ್ತವು. ಉಳಿದೆರಡರ ಕಡ್ಡಿ ತೆಗೆದು ರಂಗಪುರ ನಿಂಬೆಯ ಮೇಲೆ ಕಸಿ ಕಟ್ಟಿಸಿದೆ. ಉಪ್ಪು, ಸುಣ್ಣ ಎರಡನ್ನೂ ಅದು ಬೇರೆಯವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಕಸಿಯಾದವು ಈಗ ಹಸಿರಾಗಿವೆ. ಅದೇ ನೀರು, ಅದೇ ಬಿಸಿಲು.

ಒಂದು ಎಚ್ಚರಿಕೆ. ಹಳದಿ ಎಲೆಯನ್ನು ನಡುನರದ ಗುಂಟ ಮಡಚಿ ನೋಡಿ. ಪೋಷಕಾಂಶದ ಕೊರತೆಯಾದರೆ ಎರಡೂ ಬದಿಯ ಚಿತ್ತಾರ ಒಂದಕ್ಕೊಂದು ಹೊಂದುತ್ತದೆ. ಹೊಂದದೆ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಮಚ್ಚೆ ಇದ್ದರೆ ಗ್ರೀನಿಂಗ್ ರೋಗದ ಸಂಶಯ. ಚಿಗುರಿನಲ್ಲಿ ಬಾಲ ಎತ್ತಿ ಓರೆಯಾಗಿ ಕೂರುವ ಪುಟ್ಟ ಜಿಗಿಹುಳು, ಸಿಲ್ಲಾ, ಇದನ್ನು ಹರಡುತ್ತದೆ. ಇದಕ್ಕೆ ಔಷಧಿ ಇಲ್ಲ. ಆ ಗಿಡವನ್ನು ಕಿತ್ತು ಸುಡಬೇಕು. ಸಿಲ್ಲಾಗೆ ಕರಿಬೇವೂ ಇಷ್ಟ. ಕರಿಬೇವಿನ ಕುಂಡದ ಪಕ್ಕ ಸಸಿ ಇಡಬೇಡಿ.

ತುದಿ ಸುಟ್ಟಿದೆ, ಎಲೆ ಉದುರುತ್ತಿದೆ

ಏಪ್ರಿಲ್-ಮೇನಲ್ಲಿ ಹೀಗಾದರೆ ಎರಡು ಕಾರಣ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಉಪ್ಪು. 5 ಲೀಟರಿನ ಕುಂಡಕ್ಕೆ 10 ಲೀಟರ್ ಒಳ್ಳೆಯ ನೀರು ನಿಧಾನವಾಗಿ ಹಾಕಿ, ಕೆಳಗಿನ ತೂತಿನಿಂದ ಹರಿದು ಹೋಗಲಿ. ಕಾಲುವೆ ಬಂದ್ ಆಗುವ ಬೇಸಿಗೆಯಲ್ಲೇ ಬೋರ್ ನೀರು ಜಾಸ್ತಿ ಬಳಸುತ್ತೇವೆ, ಆಗಲೇ ಬಿಸಿಲೂ ಜಾಸ್ತಿ. ಎರಡೂ ಸೇರುತ್ತವೆ.

ಬಿಳಿ ಪುಡಿ ಇಲ್ಲದಿದ್ದರೆ ಬಿಸಿ. ಮಧ್ಯಾಹ್ನ ಎರಡಕ್ಕೆ ಮಾಳಿಗೆಗೆ ಹೋಗಿ ಕಪ್ಪು ನರ್ಸರಿ ಚೀಲವನ್ನು ಮುಟ್ಟಿ ನೋಡಿ. ಕೈ ಹಿಂದೆ ತೆಗೆಯುತ್ತೀರಿ. ಬೇರು ಇರುವುದು ಅದರೊಳಗೆ! ಕುಂಡಗಳನ್ನು ಒತ್ತಾಗಿ ಇಟ್ಟು, ಹೊರಗಿನ ಸಾಲಿಗೆ ಹಸಿ ಗೋಣಿಚೀಲ ಸುತ್ತಿ, ಮೇಲೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ. ಸಿಮೆಂಟಿನ ಮೇಲೆ ನೇರ ಇಡದೆ ಕೆಳಗೆ ಎರಡು ಇಟ್ಟಿಗೆ ಕೊಡಿ. ಬೇಸಿಗೆಯಲ್ಲಿ ಗೊಬ್ಬರ, ಅದರಲ್ಲೂ ಯೂರಿಯಾ, ಬೇಡವೇ ಬೇಡ.

ಮಣ್ಣು ಹಸಿ ಇದೆ, ಗಿಡ ಬಾಡಿದೆ

ಬಾಡಿದೆ ಅಂತ ಮತ್ತೆ ನೀರು ಹಾಕುತ್ತೇವೆ. ಅಲ್ಲೇ ಮುಗಿಯಿತು. ಸಸಿಯನ್ನು ಕುಂಡದಿಂದ ತೆಗೆದು ಬೇರು ತೊಳೆಯಿರಿ. ಒಂದು ಸಣ್ಣ ಬೇರನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಒರೆಯಂತೆ ಕಳಚಿ ಬಂದು, ಒಳಗೆ ಬರೀ ಬಿಳಿ ದಾರ ಉಳಿದರೆ ಬೇರು ಕೊಳೆತಿದೆ. ಒಳ್ಳೆಯ ಬೇರು ಕೆನೆ ಬಣ್ಣದ್ದು, ಎಳೆದರೆ ಬಿಗಿಯಾಗಿರುತ್ತದೆ. ಕೊಳೆತದ್ದನ್ನು ಕತ್ತರಿಸಿ, ಒಂದಿಷ್ಟು ಎಲೆಯನ್ನೂ ತೆಗೆದು, ಉಸುಕು ಹೆಚ್ಚಿರುವ ಹೊಸ ಮಣ್ಣಿಗೆ ಟ್ರೈಕೋಡರ್ಮಾ (ಕೊಳೆಯ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ ನೆಟ್ಟರೆ ಕೆಲವು ಉಳಿಯುತ್ತವೆ. ಈಗ ನಾನು ಬಳಸುವ ಅಳತೆ: ಮಸಾರಿ ಮಣ್ಣು ಎರಡು ಪಾಲು, ಉಸುಕು ಎರಡು, ಕೋಕೋಪೀಟ್ ಒಂದು, ಎರೆಹುಳು ಗೊಬ್ಬರ ಒಂದು. ಬೂದಿ ಸೊನ್ನೆ. ನೀರು ಹಾಕುವ ಮುಂಚೆ ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡುತ್ತೇನೆ. ಹಸಿ ತಾಗಿದರೆ ಇವತ್ತು ನೀರಿಲ್ಲ.

ಎಲೆಯ ಮೇಲೆ ರಂಗೋಲಿ, ಹಕ್ಕಿಯ ಹಿಕ್ಕೆ, ಬೆಂಡಿನ ಚುಕ್ಕೆ

ಎಲೆ ಮುದುಡಿ, ಮೇಲೆ ಬೆಳ್ಳಿಯ ಗೆರೆ ಸುತ್ತಾಡಿದ್ದರೆ ರಂಗೋಲಿ ಹುಳು. ನೋಡಲು ಕೆಟ್ಟದು, ಆದರೆ ಗಿಡ ಸಾಯುವುದಿಲ್ಲ. ಚಿಗುರು ಬರುವಾಗ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಸಾಕು. ಮುದುಡಿದ ಎಲೆ ಕೀಳಬೇಡಿ, ಉಳಿದ ಹಸಿರು ಗಿಡಕ್ಕೆ ಬೇಕು.

ಹಕ್ಕಿಯ ಹಿಕ್ಕೆಯಂತೆ ಕಂಡದ್ದು ನಡೆದಾಡಿದರೆ ನಿಂಬೆ ಚಿಟ್ಟೆಯ ಮರಿಹುಳು. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೇಸರಿ ಕೊಂಬು ಚಾಚಿ ವಾಸನೆ ಬಿಡುತ್ತದೆ. ಒಂದು ಹುಳು ಎರಡು ದಿನದಲ್ಲಿ ಸಣ್ಣ ಸಸಿಯನ್ನು ಬೋಳು ಮಾಡುತ್ತದೆ. ಕೈಯಿಂದ ಆರಿಸಿ ದೊಡ್ಡ ಕರಿಬೇವಿನ ಗಿಡಕ್ಕೆ ಬಿಡುತ್ತೇನೆ. ನಮ್ಮ ಮಗಳಿಗೆ ಚಿಟ್ಟೆ ಆಗುವುದನ್ನು ನೋಡಬೇಕು.

ಕಂದು ಬಣ್ಣದ, ಬೆಂಡಿನಂತೆ ಉಬ್ಬಿದ ಚುಕ್ಕೆ, ಸುತ್ತ ಹಳದಿ ಉಂಗುರ ಇದ್ದರೆ ಕಜ್ಜಿ ರೋಗ. ನಿಂಬೆಗೆ ಬಹಳ ಬೇಗ ಬರುತ್ತದೆ. ಮಳೆ-ಗಾಳಿಯಲ್ಲಿ ಹರಡುತ್ತದೆ, ರಂಗೋಲಿ ಹುಳು ಮಾಡಿದ ಗಾಯದಿಂದ ಒಳಗೆ ಹೋಗುತ್ತದೆ. ಆ ಟೊಂಗೆ ಕತ್ತರಿಸಿ ಸುಟ್ಟು, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಸಿಂಪಡಿಸಿ. ಕತ್ತರಿಯನ್ನು ತೊಳೆಯದೆ ಇನ್ನೊಂದು ಗಿಡಕ್ಕೆ ಹಚ್ಚಬೇಡಿ.

ಬರೀ ಮುಳ್ಳು, ಹೂವೇ ಇಲ್ಲ

ಬೀಜದ ಗಿಡಕ್ಕೆ ಬಾಲ್ಯ ಉದ್ದ, ಮುಳ್ಳು ಅದರ ಗುರುತು. ನಿಂಬೆಯಾದರೆ ಮೂರರಿಂದ ಐದು ವರ್ಷ. ಚಕ್ಕೋತ, ಕಿತ್ತಳೆಗೆ ಆರು, ಎಂಟು, ಇನ್ನೂ ಜಾಸ್ತಿ. ಮುಳ್ಳು ಕಂಡು, ಕಾಡುಗಿಡ ಬಂದಿದೆ ಅಂತ ಕಿತ್ತೆಸೆಯಬೇಡಿ. ಪೊದೆಯಾಗಲಿ ಅಂತ ತುದಿ ಚಿವುಟಲೂಬೇಡಿ. ಬೀಜದ ಗಿಡ ಇಂತಿಷ್ಟು ಗೆಣ್ಣು ಎತ್ತರಕ್ಕೆ ಹೋದ ಮೇಲೆಯೇ ಹೂವಿಗೆ ಬರುವುದು. ಚಿವುಟಿದಷ್ಟೂ ತಡ. ಕಾಯಲು ಆಗದಿದ್ದರೆ ಅದರ ತುತ್ತತುದಿಯ ಕಡ್ಡಿಯನ್ನು ಬೆಳೆದ ಗಿಡಕ್ಕೆ ಕಸಿ ಮಾಡಿಸಿ. ಕೆಳಗಿನ ಕಡ್ಡಿ ಬೇಡ, ಅದಕ್ಕೆ ಇನ್ನೂ ಬಾಲ್ಯ.

ನನ್ನ 22ರಲ್ಲಿ ಈಗ 11 ಉಳಿದಿವೆ. ಅದರಲ್ಲಿ ಒಂದು ಚಕ್ಕೋತದ ತೊಟ್ಟಿನ ರೆಕ್ಕೆ ಉಳಿದವುಗಳಿಗಿಂತ ಕಿರಿದು, ಎಲೆ ಜಜ್ಜಿದರೆ ಮೋಸಂಬಿಯ ವಾಸನೆ. ಅದರ ಕುಂಡಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಮಾಳಿಗೆಯ ಮೇಲೆ ಅದಕ್ಕೆ ಜಾಗ ಸಾಲುವುದಿಲ್ಲ. ಈ ಮಳೆಗಾಲಕ್ಕೆ ಕುಷ್ಟಗಿ ಕಡೆ ಇರುವ ತಂಗಿಯ ಹೊಲದ ಮಸಾರಿಗೆ ಹೋಗುತ್ತದೆ. ಹೋಗುವ ಮುಂಚೆ ಆ ಮಣ್ಣಿಗೂ ನಿಂಬೆರಸ ಹಿಂಡಿ ನೋಡಿ ಬಂದಿದ್ದೇನೆ. ಸದ್ದು ಬರಲಿಲ್ಲ.